ಸೀಮೋರ್ ಕ್ರೇ

ಸೀಮೋರ್ ರೋಜರ್ ಕ್ರೇ (ಸೆಪ್ಟೆಂಬರ್ 28, 1925 – ಅಕ್ಟೋಬರ್ 5, 1996) ಅಮೆರಿಕದ ವಿದ್ಯುತ್ ಎಂಜಿನಿಯರ್ ಹಾಗೂ ಗಣಕಯಂತ್ರ ವಿನ್ಯಾಸಕಾರರು. ಸೂಪರ್ ಕಂಪ್ಯೂಟರ್‌ಗಳ ಪಿತಾಮಹರೆಂದು ಇವರನ್ನು ಕರೆಯುವುದು ವಾಡಿಕೆ. ಸಿಡಿಸಿ 6600, ಸಿಡಿಸಿ 7600, ಕ್ರೇ-1 ಮತ್ತು ಕ್ರೇ-2 ಇವರು ರೂಪಿಸಿದ ಪ್ರಸಿದ್ಧ ಯಂತ್ರಗಳು. ಇವು ಹೊರಬಂದ ಕಾಲಕ್ಕೆ ಜಗತ್ತಿನ ಅತ್ಯಂತ ವೇಗದ ಗಣಕಗಳೆನಿಸಿದ್ದವು. ಕ್ರೇ ಅವರ ಸಾಧನೆಯನ್ನು ವೇಗದ ಅಂಕಿಗಳಿಂದ ಅಳೆಯುವುದೇ ಹೆಚ್ಚು. ಆದರೆ ಅವರ ಜೀವಮಾನದ ಹೋರಾಟ ನಡೆದದ್ದು ಮುಖ್ಯವಾಗಿ ಶಾಖದೊಡನೆ. ಯಂತ್ರದೊಳಗೆ ಹುಟ್ಟುವ ಬಿಸಿಯನ್ನು ಹೊರಹಾಕುವ ದಾರಿ ಸಿಕ್ಕಾಗಲೆಲ್ಲ ಅವರು ಗೆದ್ದರು, ಸಿಗದಿದ್ದಾಗ ಸೋತರು.

ಜನನ ಮತ್ತು ಬಾಲ್ಯ

ಕ್ರೇ ಅವರು ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆಯ ಹೆಸರೂ ಸೀಮೋರ್ ಕ್ರೇ ಎಂದೇ. ಅವರು ಸಿವಿಲ್ ಎಂಜಿನಿಯರ್ ಆಗಿದ್ದರು. ಮಗನ ಆಸಕ್ತಿಯನ್ನು ಗಮನಿಸಿದ ಹೆತ್ತವರು ಮನೆಯ ನೆಲಮಾಳಿಗೆಯನ್ನು ಅವನ ಪ್ರಯೋಗಗಳಿಗೆ ಬಿಟ್ಟುಕೊಟ್ಟರು. ಹತ್ತು ವರ್ಷದ ಹುಡುಗ ಆಟಿಕೆಯ ಲೋಹದ ಬಿಡಿಭಾಗಗಳನ್ನು ಜೋಡಿಸಿ, ತೂತು ಕೊರೆದ ಕಾಗದದ ಪಟ್ಟಿಯನ್ನು ಮೋರ್ಸ್ ಸಂಕೇತಗಳಾಗಿ ಪರಿವರ್ತಿಸುವ ಉಪಕರಣವೊಂದನ್ನು ತಯಾರಿಸಿದ್ದನು.

1943ರಲ್ಲಿ ಪ್ರೌಢಶಾಲೆಯ ಶಿಕ್ಷಣ ಮುಗಿಯುತ್ತಿದ್ದಂತೆ ಎರಡನೆಯ ಮಹಾಯುದ್ಧದ ಸೈನಿಕ ಸೇವೆಗೆ ಕರೆ ಬಂದಿತು. ರೇಡಿಯೋ ನಿರ್ವಾಹಕರಾಗಿ ಮೊದಲು ಯೂರೋಪಿನಲ್ಲಿ ಸೇವೆ ಸಲ್ಲಿಸಿದರು. ಅನಂತರ ಫಿಲಿಪ್ಪೀನ್ಸ್‌ನಲ್ಲಿದ್ದು ಜಪಾನೀಯರ ಗುಪ್ತಲಿಪಿಗೆ ಸಂಬಂಧಿಸಿದ ಕಾರ್ಯದಲ್ಲಿ ತೊಡಗಿದರು. ಯುದ್ಧಾನಂತರ ಮಿನೆಸೋಟ ವಿಶ್ವವಿದ್ಯಾಲಯ ಸೇರಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನೂ, 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವೃತ್ತಿಜೀವನದ ಆರಂಭ

ಸೇಂಟ್ ಪಾಲ್ ನಗರದ ಎಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್ ಸಂಸ್ಥೆ ಕ್ರೇ ಅವರ ಮೊದಲ ಉದ್ಯೋಗಸ್ಥಾನ. ಯುದ್ಧಕಾಲದಲ್ಲಿ ಗ್ಲೈಡರ್ ವಿಮಾನಗಳನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯೊಂದರಲ್ಲಿ ಆ ಸಂಸ್ಥೆ ನಡೆಯುತ್ತಿತ್ತು. ಅಲ್ಲಿ 1103 ಎಂಬ ಗಣಕದ ವಿನ್ಯಾಸದಲ್ಲಿ ಅವರು ಪಾಲ್ಗೊಂಡರು. ಸಂಸ್ಥೆ ಕೆಲವೇ ವರ್ಷಗಳಲ್ಲಿ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಪಾಲಾಯಿತು, 1955ರಲ್ಲಿ ಅದು ಸ್ಪೆರಿ ರ‍್ಯಾಂಡ್ ಆಯಿತು. ಇದರಿಂದ ಬೇಸತ್ತ ಕೆಲವು ಎಂಜಿನಿಯರುಗಳು ವಿಲಿಯಂ ನಾರಿಸ್ ಅವರ ನೇತೃತ್ವದಲ್ಲಿ ಹೊರಬಂದು 1957ರಲ್ಲಿ ಕಂಟ್ರೋಲ್ ಡೇಟಾ ಕಾರ್ಪೊರೇಷನ್ (ಸಿಡಿಸಿ) ಸ್ಥಾಪಿಸಿದರು. ನೌಕಾಪಡೆಗಾಗಿ ಕೈಗೊಂಡಿದ್ದ ಕೆಲಸವನ್ನು ಮುಗಿಸಿಕೊಟ್ಟ ಮೇಲೆ ಕ್ರೇ ಅವರೂ ಅಲ್ಲಿಗೆ ಸೇರಿದರು.

ಸಿಡಿಸಿಯಲ್ಲಿ ಅವರು ವಿನ್ಯಾಸಗೊಳಿಸಿದ 1604 ಎಂಬ ಯಂತ್ರ 1960ರಲ್ಲಿ ಗ್ರಾಹಕರ ಕೈಸೇರಿತು. ನಿರ್ವಾತ ಕೊಳವೆಗಳನ್ನು ಬಿಟ್ಟು ಟ್ರಾನ್ಸಿಸ್ಟರ್‌ಗಳನ್ನೇ ಬಳಸಿದ ಮೊದಮೊದಲ ವಾಣಿಜ್ಯ ಗಣಕಗಳಲ್ಲಿ ಇದೂ ಒಂದು. ಕಂಪನಿ ಬೆಳೆದಂತೆ ಸಭೆಗಳೂ ವರದಿಗಳೂ ಹೆಚ್ಚಿದವು. ಕ್ರೇ ಅವರಿಗೆ ಅದು ಒಗ್ಗಲಿಲ್ಲ. 1962ರಲ್ಲಿ ಹುಟ್ಟೂರಾದ ಚಿಪ್ಪೆವಾ ಫಾಲ್ಸ್‌ನಲ್ಲಿ, ತಮ್ಮ ಮನೆಗೆ ಸಮೀಪದ ಸ್ವಂತ ಜಮೀನಿನಲ್ಲಿ ಪ್ರಯೋಗಾಲಯ ಕಟ್ಟಿಸಿಕೊಂಡು ಅಲ್ಲಿಗೆ ಹೊರಟುಹೋದರು. ಪ್ರಧಾನ ಕಛೇರಿಯವರು ಅಲ್ಲಿಗೆ ಬರಬೇಕಾದರೆ ಕ್ರೇ ಅವರ ಒಪ್ಪಿಗೆ ಬೇಕಿತ್ತು ಎನ್ನುತ್ತಾರೆ.

ಸಿಡಿಸಿ 6600

1964ರಲ್ಲಿ ಹೊರಬಂದ 6600 ಯಂತ್ರವನ್ನು ಸಾಮಾನ್ಯವಾಗಿ ಮೊದಲ ಯಶಸ್ವಿ ಸೂಪರ್ ಕಂಪ್ಯೂಟರ್ ಎಂದು ಪರಿಗಣಿಸಲಾಗುತ್ತದೆ. ಇದರಲ್ಲಿ ಸುಮಾರು 4 ಲಕ್ಷ ಸಿಲಿಕಾನ್ ಟ್ರಾನ್ಸಿಸ್ಟರ್‌ಗಳಿದ್ದವು. ಮುಖ್ಯ ಪ್ರೊಸೆಸರ್ ಲೆಕ್ಕವನ್ನಷ್ಟೇ ಮಾಡುತ್ತಿತ್ತು. ಮಾಹಿತಿಯನ್ನು ತರುವ, ಒಯ್ಯುವ ಕೆಲಸವನ್ನು 10 ಸಹಾಯಕ ಪ್ರೊಸೆಸರ್‌ಗಳು ನೋಡಿಕೊಳ್ಳುತ್ತಿದ್ದವು. ಒಂದು ಸೆಕೆಂಡಿಗೆ ಸುಮಾರು 30 ಲಕ್ಷ ಲೆಕ್ಕಗಳನ್ನು ಮಾಡಬಲ್ಲ ಈ ಯಂತ್ರವನ್ನು ರೂಪಿಸಿದ್ದು ಜವಾನನೂ ಸೇರಿ 34 ಮಂದಿಯ ತಂಡ. ಇದನ್ನು ತಿಳಿದ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ (ಕಿರಿಯ) ಅವರು, ಅಪಾರ ಸಂಪನ್ಮೂಲವುಳ್ಳ ತಮ್ಮ ಸಂಸ್ಥೆ ಈ ಸಣ್ಣ ತಂಡದೆದುರು ಹಿಂದೆ ಬಿದ್ದುದೇಕೆ ಎಂದು 1963ರಲ್ಲಿ ತಮ್ಮ ಅಧಿಕಾರಿಗಳಿಗೆ ಬರೆದ ಆಂತರಿಕ ಟಿಪ್ಪಣಿ ಗಣಕ ಚರಿತ್ರೆಯಲ್ಲಿ ಹೆಸರಾಗಿದೆ. ಉತ್ತರ ಆ ಪ್ರಶ್ನೆಯೊಳಗೇ ಇತ್ತೆಂಬುದು ಕ್ರೇ ಅವರ ಅಭಿಪ್ರಾಯವಾಗಿತ್ತು.

ವಿದ್ಯುತ್ ಸಂಕೇತ ಬೆಳಕಿನ ವೇಗವನ್ನು ಮೀರಿ ಚಲಿಸಲಾರದು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಬೆಳಕು ಸಾಗುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ತಂತಿಯಲ್ಲಿ ಸಂಕೇತ ಅದಕ್ಕಿಂತಲೂ ನಿಧಾನ. ಆದ್ದರಿಂದ ಯಂತ್ರ ವೇಗವಾಗಬೇಕಾದರೆ ತಂತಿಗಳು ಚಿಕ್ಕದಾಗಬೇಕು, ಅಂದರೆ ಬಿಡಿಭಾಗಗಳು ಒಂದಕ್ಕೊಂದು ಅಂಟಿಕೊಂಡಂತೆ ಇರಬೇಕು. ಹಾಗೆ ಒತ್ತೊತ್ತಾಗಿ ಜೋಡಿಸಿದರೆ ಅಷ್ಟೂ ಬಿಸಿ ಒಂದೇ ಕಡೆ ಶೇಖರವಾಗುತ್ತದೆ, ಗಾಳಿ ಆಡಲು ಎಡೆಯೇ ಇರುವುದಿಲ್ಲ. ಬೀಸಣಿಗೆಗಳಿಂದ ಈ ಬಿಸಿಯನ್ನು ಹೊರದೂಡುವುದು ಆಗದ ಮಾತಾಗಿತ್ತು. ಆಗ ಕ್ರೇ ಅವರ ನೆರವಿಗೆ ಬಂದವರು ಡೀನ್ ರೌಶ್. ಇವರು ಅಮಾನಾ ಎಂಬ ಫ್ರಿಜ್ ತಯಾರಿಕಾ ಕಂಪನಿಯಿಂದ ಬಂದ ಶೈತ್ಯೀಕರಣ ತಜ್ಞರು. ಮನೆಯ ಫ್ರಿಜ್‌ನಲ್ಲಿ ಹರಿಯುವಂತಹ ಫ್ರಿಯಾನ್ ದ್ರವವನ್ನು ಇವರು ಕೊಳವೆಗಳ ಮೂಲಕ ಯಂತ್ರದೊಳಗೆ ಹರಿಯುವಂತೆ ಮಾಡಿದರು. ಗಣಕದ ಚರಿತ್ರೆ ಬರೆಯುವವರು ರೌಶ್ ಅವರ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನ್ಯಾಯವೆನಿಸುವುದಿಲ್ಲ. ಮುಂದಿನ ಯಂತ್ರಗಳೂ ಇದೇ ಶೈತ್ಯೀಕರಣದ ಬಲದಿಂದಲೇ ನಿಂತವು.

7600 ಮತ್ತು 8600

1960ರ ದಶಕದ ಕೊನೆಗೆ ಬಂದ 7600 ಯಂತ್ರ 6600ಕ್ಕಿಂತ ಹಲವು ಪಟ್ಟು ವೇಗವಾಗಿತ್ತು. ಆದರೆ ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಅನಂತರದ 8600 ಯೋಜನೆಯಲ್ಲಿ ನಾಲ್ಕು ಪ್ರೊಸೆಸರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಡಕಗೊಳಿಸಲು ಕ್ರೇ ಯತ್ನಿಸಿದರು. ಬಿಸಿಯೂ ಬೆಸುಗೆಯ ದೋಷಗಳೂ ಸೇರಿ ಯಂತ್ರ ನಿಲುಕದೇ ಹೋಯಿತು. ಸಾವಿರಾರು ಭಾಗಗಳಲ್ಲಿ ಒಂದು ಕೆಟ್ಟರೂ ಇಡೀ ಯಂತ್ರ ನಿಲ್ಲುತ್ತಿತ್ತು. ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕೆಂದು ಕ್ರೇ ಬಯಸಿದರು. ಅದೇ ಸಮಯದಲ್ಲಿ ಸ್ಟಾರ್-100 ಎಂಬ ಇನ್ನೊಂದು ಯೋಜನೆಯನ್ನೂ ನಡೆಸುತ್ತಿದ್ದ ಸಿಡಿಸಿಯ ಬಳಿ ಅದಕ್ಕೆ ಹಣವಿರಲಿಲ್ಲ. 1972ರಲ್ಲಿ ಕ್ರೇ ಕಂಪನಿ ತೊರೆದರು. ಬೇರ್ಪಡುವಿಕೆ ಕಹಿಯಾಗಿರಲಿಲ್ಲ. ಅವರು ಆರಂಭಿಸಿದ ಕ್ರೇ ರಿಸರ್ಚ್ ಸಂಸ್ಥೆಗೆ ಸಿಡಿಸಿಯೇ ಒಂದಿಷ್ಟು ಬಂಡವಾಳ ಹೂಡಿತು.

ಕ್ರೇ-1

ಕ್ರೇ-1 ಯಂತ್ರವನ್ನು 1975ರಲ್ಲಿ ಪ್ರಕಟಿಸಲಾಯಿತು. 1976ರಲ್ಲಿ ಮೊದಲ ಯಂತ್ರವನ್ನು ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಆರು ತಿಂಗಳ ಪರೀಕ್ಷೆಗಾಗಿ ಕೊಡಲಾಯಿತು. ಸುಮಾರು ಆರೂವರೆ ಅಡಿ ಎತ್ತರದ ಕಂಬದಂತಿದ್ದ ಇದನ್ನು ಮೇಲಿನಿಂದ ನೋಡಿದರೆ ಇಂಗ್ಲಿಷಿನ ಸಿ ಅಕ್ಷರದಂತೆ ಕಾಣುತ್ತಿತ್ತು. ಸುತ್ತಲೂ ಮೆತ್ತೆ ಹಾಸಿದ ಆಸನ. ಅದರಡಿಯಲ್ಲಿ ವಿದ್ಯುತ್ ಪೂರೈಕೆಯ ಉಪಕರಣಗಳಿದ್ದವು. ಕೂರಲು ಅನುಕೂಲವಾದ ಈ ಆಸನವನ್ನು ಕಂಡು ಬಹಳ ಮಂದಿ ಇದನ್ನು ಅಲಂಕಾರವೆಂದೇ ಭಾವಿಸಿದ್ದರು. ಸಿ ಆಕಾರಕ್ಕೂ ಕಾರಣವಿತ್ತು. ವೃತ್ತದ ಒಳಬದಿಯಲ್ಲಿ ತಂತಿ ಜೋಡಿಸಿದರೆ ಅದರ ಉದ್ದ ಕಡಿಮೆಯಾಗುತ್ತದೆ. ಯಂತ್ರದ ಯಾವ ತಂತಿಯೂ ನಾಲ್ಕು ಅಡಿಗಿಂತ ಉದ್ದವಿರಲಿಲ್ಲ. ಒಂದು ಸಂಖ್ಯೆಯ ಬದಲು ಸಂಖ್ಯೆಗಳ ಸಾಲನ್ನೇ ಒಂದು ಆಜ್ಞೆಯಿಂದ ಸಂಸ್ಕರಿಸುವ ವೆಕ್ಟರ್ ವಿಧಾನ ಇದರ ಮುಖ್ಯ ಶಕ್ತಿಯಾಗಿತ್ತು. 80 ಮೆಗಾಹರ್ಟ್ಸ್ ವೇಗದ ಈ ಯಂತ್ರ ಸೆಕೆಂಡಿಗೆ ಗರಿಷ್ಠ 16 ಕೋಟಿ ಲೆಕ್ಕಗಳನ್ನು ಮಾಡಬಲ್ಲದಾಗಿತ್ತು.

ಕ್ರೇ-1 ಬಳಸುತ್ತಿದ್ದ ವಿದ್ಯುತ್ ಸುಮಾರು 115 ಕಿಲೋವಾಟ್. ಅಷ್ಟೂ ವಿದ್ಯುತ್ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಎರಡು ಸರ್ಕಿಟ್ ಬೋರ್ಡ್‌ಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ನಡುವೆ ತಾಮ್ರದ ಹಲಗೆಯನ್ನಿಟ್ಟು ಒಂದೊಂದು ಮಾಡ್ಯೂಲನ್ನು ರಚಿಸಲಾಗಿತ್ತು. ಇಂಥ ಮಾಡ್ಯೂಲುಗಳು ಒಟ್ಟು 1,662. ಬಿಸಿ ತಾಮ್ರದ ಮೂಲಕ ಅಂಚಿಗೆ ಹರಿದು, ಅಲ್ಲಿ ನಿಂತಿದ್ದ ಲೋಹದ ಕಂಬಗಳಿಗೆ ಸೇರುತ್ತಿತ್ತು. ಆ ಕಂಬಗಳೊಳಗಿನ ಉಕ್ಕಿನ ಕೊಳವೆಗಳಲ್ಲಿ ಹರಿಯುತ್ತಿದ್ದ ಫ್ರಿಯಾನ್ ಅದನ್ನು ಹೊರಗೆ ಒಯ್ಯುತ್ತಿತ್ತು. ಸದ್ದು ಮಾಡುವ ಶೈತ್ಯೀಕರಣ ಯಂತ್ರಗಳನ್ನು ಗಣಕದಿಂದ ದೂರದಲ್ಲಿ ಇರಿಸಲಾಗುತ್ತಿತ್ತು.

ಬರವಣಿಗೆಯಲ್ಲಿ ಸುಲಭವಾಗಿ ತೋರುವ ಈ ವ್ಯವಸ್ಥೆಯೇ ಕಂಪನಿಯನ್ನು ಮುಳುಗಿಸುವ ಹಂತಕ್ಕೆ ಬಂದಿತ್ತು. ಶೈತ್ಯೀಕರಣದ ಕಂಪ್ರೆಸರ್‌ಗೆ ಬೇಕಾದ ಜಾರೆಣ್ಣೆ ಫ್ರಿಯಾನ್‌ನೊಡನೆ ಬೆರೆತಿರುತ್ತದೆ. ಅದು ಕೊಳವೆಗಳ ಸಂದುಗಳಿಂದ ಒಸರಿ ಬೋರ್ಡ್‌ಗಳ ಮೇಲೆ ಹರಡಿ ಸರ್ಕಿಟ್‌ಗಳನ್ನು ಕೆಡಿಸುತ್ತಿತ್ತು. ಕೊಳವೆಗಳನ್ನು ಬೆಸೆಯುವ ಹೊಸ ವಿಧಾನವನ್ನೇ ಕಂಡುಕೊಳ್ಳಬೇಕಾಯಿತು. ಇದರಿಂದ ಮೊದಲ ಯಂತ್ರ ಆರು ತಿಂಗಳು ತಡವಾಯಿತು. ಇನ್ನೂ ಒಂದು ಯಂತ್ರವನ್ನೂ ಮಾರಿರದ ಕಂಪನಿಗೆ ಆರು ತಿಂಗಳೆಂದರೆ ಸಣ್ಣ ಅವಧಿಯಲ್ಲ. ಲಾಸ್ ಅಲಮೋಸ್‌ನ ಪರೀಕ್ಷೆಯಲ್ಲಿ ಸ್ಮೃತಿಕೋಶದ ದೋಷಗಳು ಕಂಡುಬಂದುದರಿಂದ, ಮುಂದಿನ ಯಂತ್ರಗಳಲ್ಲಿ ದೋಷಗಳನ್ನು ತಾನಾಗಿಯೇ ತಿದ್ದಿಕೊಳ್ಳುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ವೇಗಕ್ಕೆ ಅಡ್ಡಿಯೆಂದು ಇಂಥ ವ್ಯವಸ್ಥೆಯನ್ನು 6600ರಲ್ಲಿ ಕ್ರೇ ಬೇಡವೆಂದಿದ್ದರು.

1977ರಲ್ಲಿ ಅಮೆರಿಕದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರ 88 ಲಕ್ಷ ಡಾಲರುಗಳಿಗೂ ಹೆಚ್ಚು ಬೆಲೆ ಕೊಟ್ಟು ಒಂದು ಯಂತ್ರವನ್ನು ಕೊಂಡಿತು. ಯೂರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ತನ್ನ ದೈನಂದಿನ ಮುನ್ಸೂಚನೆಯನ್ನು 1979ರಲ್ಲಿ ಆರಂಭಿಸಿದ್ದು ಕ್ರೇ-1ರ ಮೇಲೆಯೇ. ಸುಮಾರು ಹನ್ನೆರಡು ಯಂತ್ರಗಳು ಮಾರಾಟವಾದರೆ ಸಾಕೆಂದು ಅಂದಾಜಿಸಿದ್ದ ಕಡೆ 80ಕ್ಕೂ ಹೆಚ್ಚು ಮಾರಾಟವಾದವು.

ಕ್ರೇ-2

ಆಡಳಿತದ ಹೊಣೆ ಕ್ರೇ ಅವರಿಗೆ ಎಂದೂ ಹಿಡಿಸಲಿಲ್ಲ. 1980ರ ದಶಕದ ಆರಂಭದಲ್ಲಿ ಜಾನ್ ರೋಲ್‌ವ್ಯಾಗನ್ ಅವರಿಗೆ ಅದನ್ನು ವಹಿಸಿ, ತಾವೇ ಕಟ್ಟಿದ ಕಂಪನಿಗೆ ಸ್ವತಂತ್ರ ಗುತ್ತಿಗೆದಾರರಾಗಿ ವಿನ್ಯಾಸಕಾರ್ಯವನ್ನು ಮುಂದುವರಿಸಿದರು. 1985ರಲ್ಲಿ ಹೊರಬಂದ ಕ್ರೇ-2 ನಾಲ್ಕು ಪ್ರೊಸೆಸರ್‌ಗಳ ಯಂತ್ರ. ಎತ್ತರ ನಾಲ್ಕು ಅಡಿಗೂ ಕಡಿಮೆ, ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 190 ಕೋಟಿ ಲೆಕ್ಕಗಳು. ಬೋರ್ಡ್‌ಗಳನ್ನು ಎಂಟು ಪದರಗಳಾಗಿ ಒತ್ತಿ ಜೋಡಿಸಿದ್ದರಿಂದ ತಾಮ್ರದ ಹಲಗೆಗಳಿಗೂ ಜಾಗವಿರಲಿಲ್ಲ.

ಕ್ರೇ ಇಡೀ ಯಂತ್ರವನ್ನೇ ದ್ರವದಲ್ಲಿ ಮುಳುಗಿಸಿದರು. 3ಎಂ ಕಂಪನಿಯ ಫ್ಲೋರಿನರ್ಟ್ ಎಂಬ ಈ ದ್ರವ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಆದ್ದರಿಂದ ಸರ್ಕಿಟ್‌ಗಳನ್ನು ನೇರವಾಗಿ ಸೋಕಿದರೂ ಅಪಾಯವಿಲ್ಲ. ಬೋರ್ಡ್‌ಗಳ ನಡುವೆ ನಿಧಾನವಾಗಿ ಸಾಗಿ ಬಿಸಿಯಾದ ದ್ರವ ಪಕ್ಕದ ಪಾರದರ್ಶಕ ತೊಟ್ಟಿಗಳಲ್ಲಿ ಪುಟ್ಟ ಜಲಪಾತದಂತೆ ಇಳಿದು, ತಣ್ಣೀರಿಗೆ ತನ್ನ ಬಿಸಿಯನ್ನು ಕೊಟ್ಟು ಹಿಂದಿರುಗುತ್ತಿತ್ತು. ನೋಡಲು ಬಂದವರು ಗಣಕಕ್ಕಿಂತ ಜಲಪಾತವನ್ನೇ ಹೆಚ್ಚು ಹೊತ್ತು ನೋಡುತ್ತಿದ್ದರಂತೆ. ಬಳಕೆದಾರರು ಯಂತ್ರಕ್ಕೆ ಗುಳ್ಳೆಗಳು ಎಂಬ ಅಡ್ಡಹೆಸರಿಟ್ಟರು. ಇದರೊಳಗಿನ ಒಂದು ಬೋರ್ಡನ್ನು ಬದಲಾಯಿಸಬೇಕಾದರೆ ಮೊದಲು ದ್ರವವನ್ನೆಲ್ಲ ತೊಟ್ಟಿಗೆ ಬಸಿಯಬೇಕಾಗಿತ್ತು ಎಂಬುದನ್ನೂ ಹೇಳಬೇಕು.

ಹೀಟ್ ಪೈಪ್ ಮತ್ತು ಮನೆಯ ಗಣಕ

ಇಂದಿನ ಮೇಜಿನ ಮೇಲಿನ ಗಣಕಗಳ ಪ್ರೊಸೆಸರ್ ಕ್ರೇ-1ಕ್ಕಿಂತ ಎಷ್ಟೋ ಪಟ್ಟು ವೇಗದ್ದು. ಅದರ ಶಾಖ ಬೆರಳುಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ತಾಮ್ರದ ಮೂಲಕ ಬಿಸಿಯನ್ನು ಅಂಚಿಗೆ ಎಳೆದು, ದ್ರವವನ್ನು ಆವಿಯಾಗಿಸಿ ದೂರ ಸಾಗಿಸುವುದು ಕ್ರೇ-1ರ ತತ್ತ್ವ. ಅದೇ ತತ್ತ್ವ ಇಂದು ಪಂಪು, ಕಂಪ್ರೆಸರ್ ಯಾವುದೂ ಇಲ್ಲದೆ ಹೀಟ್ ಪೈಪ್ ಎಂಬ ರೂಪದಲ್ಲಿ ಮನೆಮನೆಗೆ ಬಂದಿದೆ. ಹೀಟ್ ಪೈಪನ್ನು 1963ರಲ್ಲಿ ಆ ಹೆಸರಿನಿಂದ ರೂಪಿಸಿದವರು ಜಾರ್ಜ್ ಗ್ರೋವರ್. ಅವರು ಕೆಲಸ ಮಾಡುತ್ತಿದ್ದುದು, ಮುಂದೆ ಮೊದಲ ಕ್ರೇ-1 ಬಂದು ನಿಂತ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ. ಆದರೆ ಕ್ರೇ ಅವರ ಈ ಯಂತ್ರಗಳಲ್ಲಿ ಹೀಟ್ ಪೈಪ್ ಬಳಕೆಯಾಗಿರಲಿಲ್ಲ.

ಹೀಟ್ ಪೈಪ್ ಎಂದರೆ ಎರಡೂ ತುದಿ ಮುಚ್ಚಿದ ತಾಮ್ರದ ನಳಿಗೆ. ಒಳಗಿನ ಗಾಳಿಯನ್ನು ತೆಗೆದು ಒಂದಿಷ್ಟು ನೀರನ್ನು ಇಟ್ಟಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ. ಪ್ರೊಸೆಸರಿಗೆ ತಾಗಿದ ತುದಿಯಲ್ಲಿ ಆವಿಯಾದ ನೀರು ಇನ್ನೊಂದು ತುದಿಗೆ ಹೋಗಿ ತಣಿದು, ತನ್ನ ಗುಪ್ತೋಷ್ಣವನ್ನು ತೆಳುವಾದ ಅಲ್ಯೂಮಿನಿಯಂ ಹಾಳೆಗಳಿಗೆ ಕೊಡುತ್ತದೆ. ಒಳಗೋಡೆಯ ಸೂಕ್ಷ್ಮರಂಧ್ರಗಳ ಪದರ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ, ನೀರನ್ನು ಮತ್ತೆ ಬಿಸಿ ತುದಿಗೆ ತರುತ್ತದೆ. ಶಾಲೆಯಲ್ಲಿ ಗುಪ್ತೋಷ್ಣದ ಪಾಠ ಓದಿದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹೀಟ್ ಪೈಪ್ ಸ್ವತಃ ಸದ್ದು ಮಾಡುವುದಿಲ್ಲ. ಸದ್ದು ಬರುವುದು ಹಾಳೆಗಳ ಮೇಲೆ ಗಾಳಿ ಬೀಸುವ ಫ್ಯಾನಿನಿಂದ. ಫ್ಯಾನಿನ ಸುತ್ತುಗಳು ಹೆಚ್ಚಿದಂತೆ ಸದ್ದು ಬಹುಬೇಗ ಏರುತ್ತದೆ. ಆದ್ದರಿಂದ ನಿಶ್ಶಬ್ದ ಕೂಲರ್ ಬೇಕಾದವರು ಸಣ್ಣ ಫ್ಯಾನು ಜೋರಾಗಿ ತಿರುಗುವುದಕ್ಕಿಂತ 120 ಅಥವಾ 140 ಮಿಲಿಮೀಟರಿನ ದೊಡ್ಡ ಫ್ಯಾನು ನಿಧಾನವಾಗಿ ತಿರುಗುವುದನ್ನು ಆರಿಸುವುದು ಲೇಸು. ಹಾಳೆಗಳ ವಿಸ್ತಾರ, ಪೈಪುಗಳ ಸಂಖ್ಯೆ, ಪ್ರೊಸೆಸರ್ ಎಷ್ಟು ವಾಟ್ ಶಾಖ ಹೊಮ್ಮಿಸುತ್ತದೆ ಎಂಬ ಲೆಕ್ಕ, ಪೆಟ್ಟಿಗೆಯೊಳಗೆ ಕೂಲರಿನ ಎತ್ತರಕ್ಕೆ ಜಾಗವಿದೆಯೇ ಎಂಬುದು, ಇಷ್ಟನ್ನು ನೋಡಿಕೊಳ್ಳಬೇಕು. ಅಂಗಡಿಯವರು ಹೇಳುವ ಡೆಸಿಬೆಲ್ ಅಂಕಿಯನ್ನು ಎಷ್ಟು ದೂರದಿಂದ ಅಳೆದದ್ದೆಂದು ತಿಳಿಯದೆ ಒಂದನ್ನೊಂದು ಹೋಲಿಸಿ ಪ್ರಯೋಜನವಿಲ್ಲ. ಸದ್ದು ಮಾಡುವ ಭಾಗವನ್ನು ಬೇರೆಡೆ ಇಡುವ ಅನುಕೂಲ ಕ್ರೇ ಅವರ ಗ್ರಾಹಕರಿಗಿತ್ತು, ಮೇಜಿನ ಮುಂದೆ ಕುಳಿತು ಬರೆಯುವವರಿಗಿಲ್ಲ.

ಭಾರತದೊಂದಿಗೆ ಸಂಬಂಧ

ಮುಂಗಾರಿನ ಮುನ್ಸೂಚನೆಗಾಗಿ ಭಾರತ ಸರ್ಕಾರ 1980ರ ದಶಕದಲ್ಲಿ ಕ್ರೇ ರಿಸರ್ಚ್ ಕಂಪನಿಯ ಯಂತ್ರವನ್ನು ಕೊಳ್ಳಲು ಬಯಸಿತು. ಅಣ್ವಸ್ತ್ರ ಸಂಶೋಧನೆಗೂ ಬಳಕೆಯಾಗಬಹುದೆಂಬ ಶಂಕೆಯಿಂದ ಅಮೆರಿಕ ಸರ್ಕಾರ ಹೆಚ್ಚು ಸಾಮರ್ಥ್ಯದ ಮಾದರಿಯನ್ನು ನಿರಾಕರಿಸಿ, ಕೆಳದರ್ಜೆಯ ಎಕ್ಸ್-ಎಂಪಿ 14 ಮಾದರಿಗೆ ಮಾತ್ರ ಅನುಮತಿ ನೀಡಿತು. ಆ ಯಂತ್ರವನ್ನು ದೆಹಲಿಯಲ್ಲಿ ಸ್ಥಾಪಿಸಲಾಯಿತು. (ಎಕ್ಸ್-ಎಂಪಿ ಕ್ರೇ-1ರಿಂದ ಬೆಳೆದ ಯಂತ್ರವಾದರೂ ಅದರ ವಿನ್ಯಾಸಕಾರರು ಸ್ಟೀವ್ ಚೆನ್.) ಈ ನಿರಾಕರಣೆ ಸ್ವದೇಶಿ ಪ್ರಯತ್ನಗಳಿಗೆ ಚಾಲನೆ ಕೊಟ್ಟಿತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭವಾಗಿ, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾಯಿತು. ಅದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ನಿರ್ಮಿಸಿತ್ತು. ಕನ್ನಡದ ಪುಸ್ತಕಗಳಲ್ಲಿ ಪರಮ್‌ಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗದಿರುವುದು ವಿಷಾದದ ಸಂಗತಿ. 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ಸಹಸ್ರಟಿ ಕ್ರೇ ಹೆಸರನ್ನು ಹೊತ್ತ ಕಂಪನಿಯ ಎಕ್ಸ್‌ಸಿ40 ಯಂತ್ರ.

ವೈಯಕ್ತಿಕ ಜೀವನ

1947ರಲ್ಲಿ ಕ್ರೇ ಅವರು ವೆರೀನ್ ಅವರನ್ನು ವಿವಾಹವಾದರು. ಆ ದಾಂಪತ್ಯ 1970ರ ದಶಕದಲ್ಲಿ ಮುರಿಯಿತು. 1980ರಲ್ಲಿ ಮರುವಿವಾಹವಾದರು. ಅವರು ಪ್ರಚಾರದಿಂದ ದೂರ, ಸಂದರ್ಶನಗಳನ್ನು ಕೊಟ್ಟದ್ದು ವಿರಳ. ರಾತ್ರಿ ಹೊತ್ತು ಒಂಟಿಯಾಗಿ ಕೆಲಸ ಮಾಡುವುದು ಅವರಿಗೆ ಪ್ರಿಯವಾಗಿತ್ತು. ವಿನ್ಯಾಸವನ್ನು ಪೆನ್ಸಿಲಿನಿಂದ ಚೌಕಳಿ ಹಾಳೆಗಳಲ್ಲಿ ಬರೆಯುತ್ತಿದ್ದರು. ಚಿಪ್ಪೆವಾ ಫಾಲ್ಸ್‌ನ ಮನೆಯಡಿಯಲ್ಲಿ ತಾವೇ ಸುರಂಗ ತೋಡುತ್ತಿದ್ದರೆಂಬುದು ಅವರ ಬಗೆಗಿನ ಕಥೆಗಳಲ್ಲಿ ಪ್ರಸಿದ್ಧವಾದದ್ದು. ಬೇಸಗೆಗೊಂದು ಹಾಯಿದೋಣಿ ಕಟ್ಟಿ, ಹಳೆಯ ವಿನ್ಯಾಸ ಮನಸ್ಸನ್ನು ಕಟ್ಟಿಹಾಕಬಾರದೆಂದು ಅದನ್ನು ಸುಡುತ್ತಿದ್ದರೆಂಬ ಕಥೆಯೂ ಇದೆ. ಇವುಗಳಲ್ಲಿ ಉತ್ಪ್ರೇಕ್ಷೆ ಎಷ್ಟೇ ಇರಲಿ, ಪ್ರತಿ ಯಂತ್ರವನ್ನೂ ಖಾಲಿ ಹಾಳೆಯಿಂದ ಆರಂಭಿಸುವುದು ಅವರ ಸ್ವಭಾವವಾಗಿತ್ತು ಎಂಬುದು ಸತ್ಯ.

ಕೊನೆಯ ವರ್ಷಗಳು

ಕ್ರೇ-3 ಯಂತ್ರಕ್ಕೆ ಸಿಲಿಕಾನ್ ಬದಲು ಗ್ಯಾಲಿಯಂ ಆರ್ಸೆನೈಡ್ ಬಳಸಲು ಕ್ರೇ ನಿರ್ಧರಿಸಿದರು. ಕೆಲಸ ಕೊಲರಾಡೊ ಸ್ಪ್ರಿಂಗ್ಸ್‌ಗೆ ಸ್ಥಳಾಂತರವಾಯಿತು. ಎರಡು ದೊಡ್ಡ ಯೋಜನೆಗಳನ್ನು ಒಟ್ಟಿಗೆ ಹೊರಲಾರದ ಕ್ರೇ ರಿಸರ್ಚ್ 1989ರಲ್ಲಿ ಇದನ್ನು ಕ್ರೇ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಪ್ರತ್ಯೇಕ ಕಂಪನಿಯಾಗಿ ಬಿಟ್ಟುಕೊಟ್ಟಿತು. ಭಾಗಗಳು ಎಷ್ಟು ಚಿಕ್ಕವೆಂದರೆ ಅವುಗಳನ್ನು ಜೋಡಿಸುವುದಕ್ಕೇ ವಿಶೇಷ ಯಂತ್ರಗಳು ಬೇಕಾದವು. ಯೋಜನೆ ತಡವಾಗುತ್ತಲೇ ಹೋಗಿ, 1991ರಲ್ಲಿ ಮೊದಲ ಗ್ರಾಹಕರು ಬೇಡಿಕೆಯನ್ನು ಹಿಂತೆಗೆದುಕೊಂಡರು. ಹೊರಹೋದ ಒಂದೇ ಒಂದು ಯಂತ್ರ 1993ರಲ್ಲಿ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರವನ್ನು ಸೇರಿತು. ಅಷ್ಟರಲ್ಲಿ ಶೀತಲ ಸಮರ ಮುಗಿದು ರಕ್ಷಣಾ ಇಲಾಖೆಯ ಖರೀದಿ ಕುಗ್ಗಿತ್ತು. ಅಗ್ಗದ ಸಾವಿರಾರು ಪ್ರೊಸೆಸರ್‌ಗಳನ್ನು ಜೋಡಿಸಿದ ಯಂತ್ರಗಳು ಮಾರುಕಟ್ಟೆಗೆ ಬಂದಿದ್ದವು. 1995ರ ಮಾರ್ಚ್ ತಿಂಗಳಲ್ಲಿ ಕಂಪನಿ ದಿವಾಳಿಯಾಯಿತು.

ಎಪ್ಪತ್ತರ ವಯಸ್ಸಿನಲ್ಲಿ ಕ್ರೇ ಮತ್ತೊಮ್ಮೆ ಹೊಸದಾಗಿ ಆರಂಭಿಸಿದರು. ತಮ್ಮ ಹೆಸರಿನ ಮೊದಲಕ್ಷರಗಳಿಂದ ಎಸ್‌ಆರ್‌ಸಿ ಕಂಪ್ಯೂಟರ್ಸ್ ಎಂಬ ಸಂಸ್ಥೆಯನ್ನು 1996ರಲ್ಲಿ ಸ್ಥಾಪಿಸಿದರು. ಅದುವರೆಗೆ ಒಲ್ಲೆನೆಂದಿದ್ದ ಬಹುಪ್ರೊಸೆಸರ್ ಮಾರ್ಗದತ್ತ ಈ ಬಾರಿ ಅವರು ಹೊರಳಿದ್ದರು. ಅದೇ ವರ್ಷ ಸೆಪ್ಟೆಂಬರ್ 22ರಂದು ಕೊಲರಾಡೊ ಸ್ಪ್ರಿಂಗ್ಸ್ ಬಳಿಯ ಹೆದ್ದಾರಿಯಲ್ಲಿ ಅವರ ಜೀಪು ಅಪಘಾತಕ್ಕೀಡಾಯಿತು. ತಲೆಗೂ ಕತ್ತಿಗೂ ತೀವ್ರ ಪೆಟ್ಟಾಗಿದ್ದ ಅವರು ಎರಡು ವಾರಗಳ ಅನಂತರ, ಅಕ್ಟೋಬರ್ 5ರಂದು, 71ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಮೊದಲು ಸ್ಥಾಪಿಸಿದ ಕ್ರೇ ರಿಸರ್ಚ್ ಕಂಪನಿಯೂ ಅದೇ ವರ್ಷ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ವಶವಾಗಿತ್ತು. ಐಇಇಇ ಕಂಪ್ಯೂಟರ್ ಸೊಸೈಟಿ 1997ರಲ್ಲಿ ಅವರ ಹೆಸರಿನಲ್ಲಿ ಗಣಕ ಎಂಜಿನಿಯರಿಂಗ್ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.